ಮಲಗಿದ ಮನೆಯ ಮೀಟರ್

ಸಂಕ್ರಾಂತಿಗೆಂದು ತುಮಕೂರಿನ ಸೋದರಮಾವನ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಇಂಗ್ಲೆಂಡಿನ ಲೀಡ್ಸ್‌ನಿಂದ ತಂಗಿಯ ವಾಟ್ಸಾಪ್ ಬಂತು. ಒಂದು ಚಿತ್ರ, ಕೆಳಗೆ ಒಂದೇ ಸಾಲು: ‘ಮಾವನಿಗೆ ತೋರಿಸು.’ ಅವಳ ಮನೆಯ ಸ್ಮಾರ್ಟ್ ಮೀಟರ್ ದಾಖಲಿಸಿದ ಒಂದು ದಿನದ ನಕ್ಷೆ ಅದು. ಅರ್ಧ ಗಂಟೆಗೊಂದರಂತೆ 48 ಕಂಬಗಳು. ಹಗಲಿನವು ಗರಿಕೆಯಷ್ಟು ಗಿಡ್ಡ. ಮಧ್ಯರಾತ್ರಿ ಹನ್ನೆರಡೂವರೆಯಿಂದ ಬೆಳಗಿನ ಏಳೂವರೆಯವರೆಗಿನವು ಅಡಿಕೆ ಮರದ ಹಾಗೆ ನೆಟ್ಟಗೆ ಎದ್ದು ನಿಂತಿದ್ದವು. ಆ ಏಳು ಗಂಟೆಗಳಲ್ಲಿ ಉರಿದದ್ದು 46 ಯೂನಿಟ್.

ಯೂನಿಟ್ ಅಂದರೆ ನಮ್ಮ ರಾಜ್ಯದವರಿಗೆ ತಟ್ಟನೆ ನೆನಪಾಗುವ ಸಂಖ್ಯೆ 200. ಗೃಹಜ್ಯೋತಿಯಲ್ಲಿ ತಿಂಗಳಿಗೆ ಅದಕ್ಕಿಂತ ಹೆಚ್ಚು ಪುಕ್ಕಟೆ ಇಲ್ಲ. ಗಂಡ ಹೆಂಡತಿ ಇಬ್ಬರೇ ಇರುವ ತಂಗಿಯ ಪುಟ್ಟ ಫ್ಲ್ಯಾಟು ಆ ಮಿತಿಯನ್ನು ನಾಲ್ಕೂವರೆ ರಾತ್ರಿಯಲ್ಲಿ ದಾಟುತ್ತಿತ್ತು. ಅದೂ ಇಬ್ಬರೂ ಕಿವಿ ಮುಚ್ಚುವಂತೆ ಹೊದ್ದು ಮಲಗಿರುವ ಹೊತ್ತಿನಲ್ಲಿ.

ತಂಗಿಗೆ ಪಕ್ಕದ ಮನೆಯವರ ಮೇಲೆ ಅನುಮಾನ. ಅವಳ ಗಂಡನಿಗೆ ಮೀಟರಿನ ಮೇಲೆ. ಇಬ್ಬರೂ ಸೇರಿ ಒಂದು ವಾರ ವೈಫೈ ಪೆಟ್ಟಿಗೆ, ಟಿವಿ, ಮೈಕ್ರೋವೇವಿನ ಗಡಿಯಾರ ಎಲ್ಲದರ ಪ್ಲಗ್ ಕಿತ್ತು ಮಲಗಿದ್ದರಂತೆ. 46 ಯೂನಿಟ್ 45 ಆಯಿತು. ಆ ಒಂದು ಯೂನಿಟ್ಟೂ ಅದರಿಂದಲೇ ಇಳಿಯಿತೆಂದು ಹೇಳಲಾಗದು.

ಮಾವ ಕೆಇಬಿಯಲ್ಲಿ ಮೀಟರ್ ರೀಡರ್ ಆಗಿ ಸೇರಿ, ಶಿರಾ ಸೀಮೆಯ ಸೆಕ್ಷನ್ ಆಫೀಸುಗಳಲ್ಲಿ ಸರ್ವಿಸು ಸವೆಸಿ ನಿವೃತ್ತರಾದವರು. ನಕ್ಷೆಯನ್ನು ಹಿಗ್ಗಿಸಿ ನೋಡಿ ಅವರು ಕೇಳಿದ ಮೊದಲ ಪ್ರಶ್ನೆಯಲ್ಲಿ ಕಳ್ಳನ ಸುದ್ದಿಯೇ ಇರಲಿಲ್ಲ.

“ಆ ಮನೇಲಿ ಬಿಸಿ ಆಗೋ ಸಾಮಾನು ಎಷ್ಟಿವೆ ಕೇಳು.”

ಕರೆಂಟ್ ಬಿಲ್ಲು ಏರಿದಾಗ ನಮ್ಮ ಕಣ್ಣು ಹೋಗುವುದು ಬೆಳಗುವ, ಸದ್ದು ಮಾಡುವ ವಸ್ತುಗಳ ಮೇಲೆ. ದೀಪ, ಫ್ಯಾನು, ಟಿವಿ. ಹತ್ತು ವ್ಯಾಟಿನ ವೈಫೈ ಪೆಟ್ಟಿಗೆ ಏಳು ಗಂಟೆ ಉರಿದರೂ ತಿನ್ನುವುದು ಒಂದು ಯೂನಿಟ್ಟಿನ ನೂರರಲ್ಲಿ ಏಳು ಪಾಲು. ಇಡೀ ರಾತ್ರಿ ಗುಂಯ್‌ಗುಡುವ ಫ್ರಿಜ್ಜು ಅರ್ಧ ಯೂನಿಟ್ ತಿಂದರೆ ಹೆಚ್ಚು. ಅದೇ ಮೂರು ಕಿಲೋವ್ಯಾಟಿನ ಗೀಸರ್ ಕಾಯಿಲ್ ಇಪ್ಪತ್ತು ನಿಮಿಷದಲ್ಲಿ ಒಂದು ಯೂನಿಟ್ ನುಂಗಿ ಬಾಯಿ ಒರೆಸಿಕೊಳ್ಳುತ್ತದೆ, ಸದ್ದಿಲ್ಲ, ಬೆಳಕಿಲ್ಲ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ವ್ಯಾಟ್ ಅವರ್‌ಗಿಂತ ತುಸು ಹೆಚ್ಚು ಬೇಕು. ಲೀಡ್ಸ್‌ನ ಚಳಿಗಾಲದಲ್ಲಿ ಎಂಟು ಡಿಗ್ರಿಯಲ್ಲಿ ಬರುವ ನಲ್ಲಿ ನೀರನ್ನು ನೂರು ಲೀಟರಿನಷ್ಟು ಸ್ನಾನಕ್ಕೆ ಕಾಯಿಸಿದರೆ ಐದೂವರೆ ಯೂನಿಟ್ ಅಲ್ಲೇ ಮುಗಿಯಿತು.

ತಂಗಿಯ ಮನೆಯಲ್ಲಿ ಬಿಸಿಯಾಗುವ ಸಮಸ್ತವೂ ಕರೆಂಟಿನದೇ. ಒಲೆ ಕರೆಂಟು, ನೀರು ಕರೆಂಟು, ಮನೆ ಬೆಚ್ಚಗಾಗುವುದೂ ಕರೆಂಟಿನಿಂದ. ಬ್ರಿಟನ್ನಿನ ಬಹುಪಾಲು ಮನೆಗಳು ಕೊಳವೆಯಲ್ಲಿ ಬರುವ ಗ್ಯಾಸಿನಿಂದ ಬೆಚ್ಚಗಾಗುತ್ತವೆ. ಆದರೆ ಅಲ್ಲಿನ ಎತ್ತರದ ಹಳೆಯ ವಸತಿ ಕಟ್ಟಡಗಳಲ್ಲಿ ಎಷ್ಟೋ ಕಡೆ ಗ್ಯಾಸೇ ಇಲ್ಲ. ಇದರ ಹಿಂದೆ ಒಂದು ಬೆಳಗಿನ ಚಹಾದ ಕಥೆಯಿದೆ. 1968ರ ಮೇ 16ರಂದು ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಹೊಚ್ಚ ಹೊಸ ಕಟ್ಟಡದಲ್ಲಿ, 18ನೇ ಮಹಡಿಯ ಮಹಿಳೆಯೊಬ್ಬರು ಒಲೆ ಹಚ್ಚಲು ಬೆಂಕಿಕಡ್ಡಿ ಗೀರಿದರು. ಸೋರಿದ್ದ ಗ್ಯಾಸ್ ಸಿಡಿಯಿತು. ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದು ಜೋಡಿಸಿದ್ದ ಗೋಡೆಗಳು ಇಸ್ಪೀಟಿನ ಮನೆಯಂತೆ ಒಂದರ ಮೇಲೊಂದು ಕುಸಿದು ಕಟ್ಟಡದ ಒಂದು ಮೂಲೆಯೇ ಇಲ್ಲವಾಯಿತು. ನಾಲ್ವರು ಸತ್ತರು, ಕಡ್ಡಿ ಗೀರಿದಾಕೆ ಬದುಕುಳಿದರು. ಆ ಮಾದರಿಯ ಕಟ್ಟಡಗಳಿಂದ ಗ್ಯಾಸನ್ನು ಹೊರಗಿಡುವ ಕೆಲಸ ಶುರುವಾದದ್ದು ಆಗ. ಗ್ಯಾಸ್ ಹೋದ ಜಾಗಕ್ಕೆ ಕರೆಂಟು ಬಂತು. ಅದರ ಜೊತೆಗೆ ಬಂದದ್ದು ಈ ರಾತ್ರಿಯ ಲೆಕ್ಕ.

ತಂಗಿ ಮನೆ ಬಾಡಿಗೆಗೆ ಹಿಡಿದಾಗ ಒಪ್ಪಂದದ ಜೊತೆ ‘ಎಕಾನಮಿ ಸೆವೆನ್’ ಎಂಬ ಹೆಸರೂ ಬಂದಿತ್ತು. ಅವಳು ಅದನ್ನು ಯಾವುದೋ ರಿಯಾಯಿತಿ ಯೋಜನೆ ಎಂದುಕೊಂಡಿದ್ದಳು. ಅದು ದಿನದ ಏಳು ಗಂಟೆ ಅಗ್ಗದ ಕರೆಂಟು ಕೊಡುವ ದರಪಟ್ಟಿ. ಅವಳ ಪಟ್ಟಿಯಲ್ಲಿ ಹಗಲಿನ ಯೂನಿಟ್‌ಗೆ ಸುಮಾರು 30 ಪೆನ್ಸ್, ರಾತ್ರಿಯದಕ್ಕೆ 15. ಬ್ರಿಟನ್ನಿನಲ್ಲಿ ಇದು ಜಾರಿಗೆ ಬಂದದ್ದು 1978ರಲ್ಲಿ.

ರಾತ್ರಿಯ ಕರೆಂಟು ಯಾಕೆ ಅಗ್ಗ ಎಂಬುದನ್ನು ಮಾವ ನನಗೆ ವಿವರಿಸಿದ್ದು ಶರಾವತಿಯಿಂದ. “ಲಿಂಗನಮಕ್ಕಿಯಲ್ಲಿ ನೀರು ನಿಂತಿರುತ್ತೆ. ರಾತ್ರಿ ಜನ ಮಲಗಿದರು, ಲೋಡ್ ಇಳೀತು, ಮಷೀನು ನಿಲ್ಲಿಸಿದರಾಯಿತು. ನೀರು ಎಲ್ಲೂ ಹೋಗೋದಿಲ್ಲ. ರಾಯಚೂರಿನ ಬಾಯ್ಲರ್‌ಗೆ ಹಾಗಂತ ಹೇಳಕ್ಕಾಗುತ್ತಾ? ಆರಿಸಿದರೆ ಮತ್ತೆ ಕಾವು ಬರೋ ಹೊತ್ತಿಗೆ ಎಷ್ಟೋ ಗಂಟೆ.” ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಒಟ್ಟು ಸಾಮರ್ಥ್ಯ 1,035 ಮೆಗಾವ್ಯಾಟ್. ದಶಕಗಳ ಕಾಲ ರಾಜ್ಯ ನೀರನ್ನೇ ನಂಬಿತ್ತು. ರಾಯಚೂರಿನ ಕಲ್ಲಿದ್ದಲು ಘಟಕ ಶುರುವಾದದ್ದು 1985ರಲ್ಲಿ. ಬ್ರಿಟನ್ನಿನಲ್ಲಿ ಎಕಾನಮಿ ಸೆವೆನ್ ಬಂದಾಗ ಕಲ್ಲಿದ್ದಲು ಮತ್ತು ಅಣುವಿದ್ಯುತ್ತಿನದೇ ಕಾರುಬಾರು. ಎರಡೂ ರಾತ್ರಿ ಹೊತ್ತು ನಿಲ್ಲಿಸಲಾಗದ ಜಾತಿಯವು. ಬೇಡದ ಹೊತ್ತಿನಲ್ಲಿ ಹುಟ್ಟುವ ಕರೆಂಟನ್ನು ಯಾರಾದರೂ ಕೊಳ್ಳಲೇಬೇಕು. ಅರ್ಧ ಬೆಲೆಗೆ ಕೊಡುತ್ತೇವೆ, ಮನೆ ಬೆಚ್ಚಗೆ ಮಾಡಿಕೊಳ್ಳಿ ಎಂದರು.

ನಮ್ಮ ರೈತರಿಗೆ ಈ ವಿದ್ಯೆ ಹೊಸದೇನಲ್ಲ. ಐಪಿ ಸೆಟ್‌ಗಳಿಗೆ ತ್ರೀ ಫೇಸ್ ಕರೆಂಟನ್ನು ರಾತ್ರಿ ಪಾಳಿಗೆ ತಳ್ಳುವುದರ ಹಿಂದೆಯೂ ಇದೇ ಲೆಕ್ಕವಿದೆ: ಊರೆಲ್ಲ ಕರೆಂಟು ಬೇಡುವ ಹೊತ್ತಿನಲ್ಲಿ ಪಂಪುಗಳು ಅದಕ್ಕೆ ಪೈಪೋಟಿ ಕೊಡಬಾರದು. ವ್ಯತ್ಯಾಸವೆಂದರೆ ಅಲ್ಲಿಯವರು ಹಾಸಿಗೆಯಲ್ಲಿ ಮಲಗಿಯೇ ರಾತ್ರಿ ಕರೆಂಟು ಬಳಸುತ್ತಾರೆ. ಇಲ್ಲಿಯವರು ಬ್ಯಾಟರಿ ಹಿಡಿದು ಹಾವು ಚೇಳು ನೋಡಿಕೊಂಡು ತೋಟಕ್ಕೆ ಹೋಗಬೇಕು. ಆಟೋ ಸ್ಟಾರ್ಟರ್ ಹಾಕಿಸಿದವರು ಮಲಗಿಯೇ ಇರುತ್ತಾರೆ, ನಿಜ. ಆಗ ನೀರು ಎಲ್ಲಿಗೆ ಹರಿಯಿತೆಂದು ಬೆಳಗ್ಗೆಯೇ ಗೊತ್ತಾಗುವುದು. ಈ ಆಟೋ ಸ್ಟಾರ್ಟರ್ ಮಾತು ನೆನಪಿರಲಿ.

ರಾತ್ರಿ ಕೊಂಡ ಕರೆಂಟನ್ನು ಹಗಲಿಗೆ ಉಳಿಸುವುದು ಹೇಗೆ? ಮನೆ ನಡೆಸುವಂಥ ಬ್ಯಾಟರಿ ಇಲ್ಲದ ಕಾಲದಲ್ಲಿ ಅವರು ಇಟ್ಟಿಗೆಯನ್ನು ನೆಚ್ಚಿದರು. ಸ್ಟೋರೇಜ್ ಹೀಟರ್ ಎಂದರೆ ಗೋಡೆಗೆ ಒರಗಿಸಿದ ತಗಡಿನ ಪೆಟ್ಟಿಗೆ. ಒಳಗೆ ಒತ್ತೊತ್ತಾಗಿ ಜೋಡಿಸಿದ ಭಾರೀ ಇಟ್ಟಿಗೆ, ನಡುವೆ ಕಾಯಿಲ್, ಸುತ್ತ ಶಾಖ ಸೋರದ ಹೊದಿಕೆ. ದೊಡ್ಡದಾದರೆ ನೂರು ಕಿಲೋ ದಾಟುತ್ತದೆ. ಪೂರ್ತಿ ಕಾದಾಗ ಒಳಗಿನ ಇಟ್ಟಿಗೆ 600 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಬಚ್ಚಲ ಹಂಡೆಯ ಒಲೆ ನೋಡಿದವರಿಗೆ ಇದರ ಮರ್ಮ ಹೇಳಬೇಕಿಲ್ಲ. ಸಂಜೆ ಉರಿ ಹಾಕಿದ ಒಲೆಯ ಕಲ್ಲು ಬೆಳಗಿನ ಜಾವ ಮುಟ್ಟಿದರೂ ಬಿಸಿ.

ಹಳೆಯ ಮಾದರಿಗಳಿಗೆ ಎರಡು ತಿರುಪು. ಒಂದು ‘ಇನ್‌ಪುಟ್’: ರಾತ್ರಿ ಎಷ್ಟು ಶಾಖ ತುಂಬಬೇಕು ಎಂಬುದು. ಇನ್ನೊಂದು ‘ಔಟ್‌ಪುಟ್’: ಅದು ಒಳಗಿನ ಒಂದು ಮುಚ್ಚಳವನ್ನು ತೆರೆದು ಶಾಖವನ್ನು ಕೋಣೆಗೆ ಬಿಡುತ್ತದೆ. ರಾತ್ರಿ ಮಲಗುವಾಗ ಔಟ್‌ಪುಟ್ ಮುಚ್ಚಬೇಕು, ಸಂಜೆ ಬೇಕಾದಾಗ ತೆರೆಯಬೇಕು. ಇಷ್ಟು ಸರಳ ಸಂಗತಿಯನ್ನು ಬಾಡಿಗೆಗೆ ಬಂದವರಿಗೆ ಯಾರೂ ಹೇಳುವುದಿಲ್ಲ. ಚಳಿ ಎಂದು ಎರಡನ್ನೂ ಕೊನೆಗೆ ತಿರುಗಿಸಿ ಮಲಗುತ್ತಾರೆ. ಒಂದು ಕಡೆಯಿಂದ ತುಂಬುತ್ತದೆ, ಇನ್ನೊಂದು ಕಡೆಯಿಂದ ಸೋರುತ್ತದೆ, ತೂತು ಕೊಡಕ್ಕೆ ನೀರು ಹಾಕಿದ ಹಾಗೆ. ಸಂಜೆ ಆರಕ್ಕೆ ಮನೆಗೆ ಬಂದರೆ ಹೀಟರ್ ತಣ್ಣಗೆ. ಆಗ ಇನ್ನೊಂದು ಪ್ಲಗ್ ಹೀಟರ್ ಹಚ್ಚುತ್ತಾರೆ, ಹಗಲಿನ ಮೂವತ್ತು ಪೆನ್ಸ್ ದರದಲ್ಲಿ.

ಹಾಗಾದರೆ ರಾತ್ರಿಯ ಅಡಿಕೆ ಮರಗಳು ಇರಬೇಕಾದದ್ದೇ. ಆ ಮನೆ ತನ್ನ ಊಟ ಮಾಡುವುದೇ ರಾತ್ರಿ. ಪ್ರಶ್ನೆ ಉಳಿದದ್ದು ಮರದ ಎತ್ತರದ್ದು. ಮಾವ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ತಂಗಿ ಹೇಳಿದ ಪ್ರಕಾರ ಮನೆಯಲ್ಲಿ ಎರಡು ಹೀಟರ್: ಹಾಲ್‌ನಲ್ಲಿ 3.4 ಕಿಲೋವ್ಯಾಟ್, ಒಳಗಿನ ಓಣಿಯಲ್ಲಿ 1.7. ಎರಡರ ಇನ್‌ಪುಟ್ಟೂ ನಡುಮಟ್ಟದಲ್ಲಿ. ಬಿಸಿನೀರಿನ ಸಿಲಿಂಡರ್‌ಗೆ ಮೂರು ಕಿಲೋವ್ಯಾಟಿನ ಕಾಯಿಲ್. ಹೀಟರ್‌ಗಳಿಗೆ 24 ಯೂನಿಟ್ ಇರಲಿ, ನೀರಿಗೆ ಆರು, ಫ್ರಿಜ್ಜು ಮತ್ತಿತರ ಚಿಲ್ಲರೆಗೆ ಒಂದು. ಒಟ್ಟು 31.

“ಹದಿನೈದು ಯೂನಿಟ್ ಎಲ್ಲೋ ಇಂಗ್ತಾ ಇದೆ,” ಎಂದರು ಮಾವ. ಮೀಟರ್ ಕೆಟ್ಟಿದೆ ಎಂಬ ಮಾತನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಮೂವತ್ತು ವರ್ಷ ಅದೇ ದೂರು ಕೇಳಿದವರು.

ಆ ಶನಿವಾರ ಲೀಡ್ಸ್‌ನ ಮಧ್ಯಾಹ್ನ, ನಮ್ಮ ಸಂಜೆ ಐದೂವರೆಗೆ ವಿಡಿಯೋ ಕರೆಯಲ್ಲಿ ಮೊದಲ ತಪಾಸಣೆ. ಬಿಲ್ಲಿನಲ್ಲಿರುವ ಮೀಟರ್ ಸಂಖ್ಯೆಯೂ ಪೆಟ್ಟಿಗೆಯ ಮೇಲಿನ ಸಂಖ್ಯೆಯೂ ಒಂದೇ ಹೌದೋ ಅಲ್ಲವೋ ಎಂದು ಮೊದಲು ಓದಿಸಿದರು. ಅನೇಕ ಮನೆಗಳ ಮೀಟರು ಒಂದೇ ಕಡೆ ಸಾಲಾಗಿರುವ ಕಟ್ಟಡಗಳಲ್ಲಿ ಒಬ್ಬರ ಮೀಟರ್ ಇನ್ನೊಬ್ಬರ ಹೆಸರಿಗೆ ಬೀಳುವುದುಂಟು. ಆಮೇಲೆ ಹಗಲಿನ ಅಂಕಿ ಯಾವುದು, ರಾತ್ರಿಯದು ಯಾವುದು ಎಂದು ಗುರುತು ಮಾಡಿಸಿದರು. ಅವೆರಡು ಅದಲು ಬದಲಾದರೆ ಅಗ್ಗದ ಯೂನಿಟ್ಟಿಗೆಲ್ಲ ದುಬಾರಿ ದರ ಬೀಳುತ್ತದೆ. ಎರಡೂ ಸರಿಯಿದ್ದವು.

“ಈಗ ಮೇನ್ ಆಫ್ ಮಾಡು.”

ತಂಗಿ ಮೇನ್ ಇಳಿಸಿದಳು. ಮೀಟರಿನ ಕೆಂಪು ದೀಪ ಮಿನುಗುವುದು ನಿಂತಿತು. ಪಕ್ಕದ ಮನೆಯವರು ನಿರಪರಾಧಿಗಳೆಂದು ತಂಗಿ ತೀರ್ಪು ಕೊಟ್ಟೇಬಿಟ್ಟಳು. ಆದರೆ ಮಾವನ ಕಣ್ಣು ಪೆಟ್ಟಿಗೆಯ ಪಕ್ಕದಲ್ಲಿದ್ದ ಇನ್ನೊಂದು ಚಿಕ್ಕ ಪೆಟ್ಟಿಗೆಯ ಮೇಲಿತ್ತು. ನಾಲ್ಕು ಎಂಸಿಬಿಗಳ ಆ ಪುಟ್ಟ ಪೆಟ್ಟಿಗೆ ಏನೆಂದು ಕೇಳಿದರು. ಅದರಲ್ಲೇನೂ ಇಲ್ಲ ಮಾವ, ಅದು ಸತ್ತಿದೆ ಎಂದಳು.

ಅದು ಸತ್ತಿರಲಿಲ್ಲ, ಹಗಲು ನಿದ್ದೆ ಮಾಡುತ್ತಿತ್ತು. ಇಂಥ ಮನೆಗಳಲ್ಲಿ ಎರಡು ಬೋರ್ಡ್ ಇರುತ್ತವೆ. ದೀಪ, ಪ್ಲಗ್, ಒಲೆಗೆ ಒಂದು, ದಿನವಿಡೀ ಜೀವಂತ. ಸ್ಟೋರೇಜ್ ಹೀಟರ್ ಮತ್ತು ಸಿಲಿಂಡರಿನ ರಾತ್ರಿ ಕಾಯಿಲ್‌ಗೆ ಇನ್ನೊಂದು. ಅದಕ್ಕೆ ಕರೆಂಟು ಬರುವುದು ಆ ಏಳು ಗಂಟೆ ಮಾತ್ರ. ಹಗಲಿನಲ್ಲಿ ಅದರ ಮುಂದೆ ನಿಂತು ಎಷ್ಟು ಹುಡುಕಿದರೂ ಏನೂ ಸಿಗುವುದಿಲ್ಲ.

“ರಾತ್ರಿ ಬರೋ ಕಳ್ಳನ್ನ ಮಧ್ಯಾಹ್ನ ಹಿಡಿತೀನಿ ಅಂದ್ರೆ ಆಗುತ್ತೇನಮ್ಮ? ಹನ್ನೆರಡೂವರೆಗೆ ಎದ್ದಿರು. ನಮಗೆ ಬೆಳಗ್ಗೆ ಆರು. ನಾನು ಕಾಫಿ ಕುಡಿದು ಕೂತಿರ್ತೀನಿ.”

ಆ ಬೋರ್ಡನ್ನು ಎಬ್ಬಿಸುವವರು ಯಾರು ಎಂಬುದೂ ಒಂದು ಸೊಗಸಾದ ಕಥೆ. ಮೊದಲು ಗಡಿಯಾರದ ಸ್ವಿಚ್ ಇತ್ತು. ಕರೆಂಟು ಹೋದರೆ ಗಡಿಯಾರ ಹಿಂದೆ ಬೀಳುತ್ತಿತ್ತು. 1980ರ ದಶಕದಲ್ಲಿ ಆ ಕೆಲಸವನ್ನು ರೇಡಿಯೊಗೆ ಒಪ್ಪಿಸಿದರು. ಬಿಬಿಸಿ ರೇಡಿಯೊ 4ರ ದೀರ್ಘತರಂಗ, 198 ಕಿಲೋಹರ್ಟ್ಸ್. ಮುಖ್ಯ ಪ್ರಸಾರ ಕೇಂದ್ರ ಡ್ರಾಯ್ಟ್‌ವಿಚ್. ಮಾತು ಸಂಗೀತದ ಅಡಿಯಲ್ಲಿ ಕಿವಿಗೆ ಕೇಳಿಸದ ಸಂಕೇತವೊಂದು ಹರಿದು ಬರುತ್ತಿತ್ತು. ಮನೆ ಮನೆಯ ಮೀಟರಿನ ಪಕ್ಕದ ಪೆಟ್ಟಿಗೆ ಅದನ್ನು ಹಿಡಿದು ಹೀಟರ್‌ಗಳನ್ನು ಹಚ್ಚುತ್ತಿತ್ತು. ಬಹಳ ವರ್ಷ ಟೆಸ್ಟ್ ಕ್ರಿಕೆಟ್ಟಿನ ವೀಕ್ಷಕ ವಿವರಣೆ ಬರುತ್ತಿದ್ದದ್ದೂ ಅದೇ ತರಂಗದಲ್ಲಿ. ಇದನ್ನು ಹೇಳಿದಾಗ ಮಾವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆಕಾಶವಾಣಿಯವರು ಪ್ರದೇಶ ಸಮಾಚಾರದ ಜೊತೆ ಶಿರಾದ ಪಂಪುಗಳನ್ನೂ ಶುರು ಮಾಡುವಂತಿದ್ದರೆ ತಮ್ಮ ಲೈನ್‌ಮನ್‌ಗಳು ಉದ್ಧಾರವಾಗುತ್ತಿದ್ದರು ಎಂದರು. ಆ ರೇಡಿಯೊ ವ್ಯವಸ್ಥೆಯನ್ನು 2025ರ ಜೂನ್ ಕೊನೆಯಿಂದ ಹಂತ ಹಂತವಾಗಿ ನಿಲ್ಲಿಸತೊಡಗಿದರು. ಈಗ ಆ ಕೆಲಸ ಸ್ಮಾರ್ಟ್ ಮೀಟರಿನದು.

ಹನ್ನೆರಡೂವರೆಗೆ ಲೀಡ್ಸ್‌ನ ಮೀಟರ್ ಇದ್ದ ಕಪಾಟಿನೊಳಗಿಂದ ‘ಟಕ್’ ಎಂಬ ಸದ್ದು ತುಮಕೂರಿಗೂ ಕೇಳಿಸಿತು. ಮೀಟರಿನ ಕೆಂಪು ದೀಪ ಹುಚ್ಚು ಹಿಡಿದಂತೆ ಮಿನುಗತೊಡಗಿತು.

ಮಾವನ ಕಾಲದಲ್ಲಿ ಮೀಟರಿನೊಳಗೆ ಅಲ್ಯೂಮಿನಿಯಂ ತಟ್ಟೆಯೊಂದು ತಿರುಗುತ್ತಿತ್ತು. ಅಂಚಿನ ಕಪ್ಪು ಗುರುತು ಎಷ್ಟು ಸುತ್ತು ಬಂತೆಂದು ಕೈಗಡಿಯಾರ ಹಿಡಿದು ಎಣಿಸಿದರೆ ಮನೆಯೊಳಗೆ ಎಷ್ಟು ಲೋಡ್ ಇದೆಯೆಂದು ಹೊರಗೆ ನಿಂತೇ ಹೇಳಬಹುದಿತ್ತು. ಈಗ ತಟ್ಟೆಯ ಬದಲು ಈ ಕೆಂಪು ದೀಪ. ಮೀಟರಿನ ಮುಖದ ಮೇಲೆ ಒಂದು ಯೂನಿಟ್ಟಿಗೆ 1000 ಮಿನುಗು ಎಂದು ಬರೆದಿತ್ತು. ಅಂದರೆ ಮೂರು ಕಿಲೋವ್ಯಾಟ್ ಓಡುತ್ತಿದ್ದರೆ ನಿಮಿಷಕ್ಕೆ ಐವತ್ತು. ತಂಗಿಯ ಗಂಡ ಫೋನಿನಲ್ಲಿ ನಿಧಾನಗತಿಯ ವಿಡಿಯೋ ತೆಗೆದು ಎಣಿಸಿದ. ಎಲ್ಲವೂ ಓಡುವಾಗ 180. ಹಾಲ್‌ನ ಎಂಸಿಬಿ ಇಳಿಸಿದಾಗ 124. ಓಣಿಯದನ್ನು ಇಳಿಸಿದಾಗ 95. ಸಿಲಿಂಡರಿನದನ್ನೂ ಇಳಿಸಿದರು. ಇನ್ನು ಫ್ರಿಜ್ಜು, ವೈಫೈ, ಓಣಿಯ ದೀಪ ಬಿಟ್ಟರೆ ಏನೂ ಇಲ್ಲ; ನಿಮಿಷಕ್ಕೆ ಮೂರು ಮಿನುಗು ಬಂದರೆ ಸಾಕು.

ಬಂದದ್ದು 45.

ನಾಲ್ಕನೆಯ ಎಂಸಿಬಿಯ ಕೆಳಗೆ ಯಾವ ಚೀಟಿಯೂ ಇರಲಿಲ್ಲ. ಅದನ್ನು ಇಳಿಸಿದ ಕೂಡಲೇ ಮಿನುಗು ಮೂರಕ್ಕೆ ಬಿತ್ತು. ವ್ಯತ್ಯಾಸ 42. ಮಾವ ಬೆರಳಲ್ಲೇ ಲೆಕ್ಕ ಹಾಕಿ ಎರಡೂವರೆ ಕಿಲೋವ್ಯಾಟ್ ಎಂದರು. ಸ್ಟೋರೇಜ್ ಹೀಟರ್‌ಗಳು 1.7, 2.55, 3.4 ಎಂಬ ಅಳತೆಗಳಲ್ಲಿ ಬರುತ್ತವೆ, ನಡುವಿನದು ಸರಿಹೋಯಿತು. ಕೊನೆಗೆ ಎರಡೂ ಬೋರ್ಡಿನ ಮೇನ್ ಒಟ್ಟಿಗೆ ಇಳಿಸಿ ನೋಡಿದರು, ದೀಪ ನಿಂತಿತು. ಹಾಗಾದರೆ ಇಂಗುತ್ತಿರುವುದು ಮನೆಯೊಳಗೇ. ಎಲ್ಲಿ? “ಇನ್ನೊಂದು ಹೀಟರ್ ನಮ್ಮನೇಲಿ ಇಲ್ಲವೇ ಇಲ್ಲ ಮಾವ,” ಎಂದು ತಂಗಿ ಆಣೆ ಮಾಡುವುದೊಂದು ಬಾಕಿ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತೆ ಆಗ ಬಾಯಿ ಹಾಕಿದರು. “ಹೋದ ವಾರ ಏನೇ ಹೇಳಿದ್ದೆ ನೀನು? ಆ ದೇಶದ ಚಳೀಲೂ ದೋಸೆ ಹಿಟ್ಟು ಉಕ್ಕಿ ಪಾತ್ರೆಯಿಂದ ಕೆಳಗೆ ಸುರೀತು ಅಂದೆಯಲ್ಲ, ಎಲ್ಲಿಟ್ಟಿದ್ದೆ ಅದನ್ನ?”

ಒಂದು ಕ್ಷಣ ಆ ಕಡೆ ಮೌನ. ಸಾಮಾನಿನ ಕೋಣೆಯಲ್ಲಿ.

ಮನೆಯ ಆ ಎರಡನೆಯ ಪುಟ್ಟ ಕೋಣೆಯಲ್ಲಿ ಯಾರೂ ಮಲಗುತ್ತಿರಲಿಲ್ಲ. ಬೆಂಗಳೂರಿನಿಂದ ತಂದ ಖಾಲಿ ಸೂಟ್‌ಕೇಸು, ಮಡಿಸಿಟ್ಟ ಹಾಸಿಗೆ, ಸಾಂಬಾರ ಪುಡಿಯ ಡಬ್ಬಗಳು. ಮೊಸರು ಅಲ್ಲೇ ಹೆಪ್ಪುಗಟ್ಟುತ್ತಿತ್ತು, ಇಡ್ಲಿ ಹಿಟ್ಟು ಅಲ್ಲೇ ಹುಳಿ ಬರುತ್ತಿತ್ತು. ಕೋಣೆಗೆ ಬಿಸಿಲು ಬೀಳುತ್ತದೆ ಎಂದು ತಂಗಿ ನಂಬಿದ್ದಳು. ಜನವರಿಯ ಯಾರ್ಕ್‌ಷೈರ್ ಬಿಸಿಲನ್ನು! ಸೂಟ್‌ಕೇಸುಗಳನ್ನು ಸರಿಸಿದರೆ ಹಿಂದೆ ಗೋಡೆಯ ಬಣ್ಣದ್ದೇ ತಗಡಿನ ಪೆಟ್ಟಿಗೆ. ಮನೆಗೆ ಬಂದ ದಿನ ಅದನ್ನು ನೋಡಿದ್ದರು, ಪಕ್ಕದ ಸ್ವಿಚ್ಚು ಒತ್ತಿಯೂ ನೋಡಿದ್ದರು. ದೀಪ ಹತ್ತಲಿಲ್ಲ, ಹಾಳಾಗಿದೆ ಎಂದುಕೊಂಡು ಸಾಮಾನು ಪೇರಿಸಿದ್ದರು. ಒತ್ತಿ ನೋಡಿದ್ದು ಮಧ್ಯಾಹ್ನ ಎರಡು ಗಂಟೆಗೆ. ಸ್ವಿಚ್ಚನ್ನು ಹಾಗೇ ಬಿಟ್ಟಿದ್ದರು. ಹಿಂದಿನ ಬಾಡಿಗೆಯವರು ಇನ್‌ಪುಟ್, ಔಟ್‌ಪುಟ್ ಎರಡನ್ನೂ ಕೊನೆಯವರೆಗೆ ತಿರುಗಿಸಿ ಹೋಗಿದ್ದರು. ಶಿರಾದ ಆಟೋ ಸ್ಟಾರ್ಟರ್ ಪಂಪಿನ ಹಾಗೆ, ಬೆಳೆಯಿಲ್ಲದ ಹೊಲಕ್ಕೆ ಎರಡು ತಿಂಗಳು ನೀರು ಹಾಯುತ್ತಲೇ ಇತ್ತು.

ಮಾವ ಬೈದದ್ದು ಬಿಲ್ಲಿಗಾಗಿ ಅಲ್ಲ, ಸೂಟ್‌ಕೇಸಿಗಾಗಿ. ಒಳಗೆ ಕೆಂಡದಂಥ ಇಟ್ಟಿಗೆ ಇಟ್ಟುಕೊಂಡ ಪೆಟ್ಟಿಗೆಗೆ ಬಟ್ಟೆ, ಹಾಸಿಗೆ ಒತ್ತಿ ಇಡುವುದು ಬೆಂಕಿಗೆ ಆಹ್ವಾನ. ಮೈ ಅತಿಯಾಗಿ ಕಾದರೆ ಕರೆಂಟು ಕಡಿಯುವ ಸಾಧನ ಅದರಲ್ಲಿರುತ್ತದೆ, ಆದರೆ ಅದನ್ನೇ ನಂಬಿ ಮಲಗಬಾರದು. ಹೆಸರಿಲ್ಲದ ಎಂಸಿಬಿಯನ್ನು ಇಳಿಸಿ ನೋಡುವುದು ಮನೆಯವರ ಕೆಲಸ. ಬೋರ್ಡಿನ ಮುಚ್ಚಳ ಬಿಚ್ಚುವುದು ಎಲೆಕ್ಟ್ರಿಶಿಯನ್‌ನ ಕೆಲಸ ಎಂದೂ ಹೇಳಿದರು. ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಗಳ ವೈರಿಂಗನ್ನು ಐದು ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಿಸಿ ವರದಿ ಕೊಡುವುದು ಮಾಲೀಕರ ಹೊಣೆ ಎಂಬ ನಿಯಮ 2020ರಿಂದ ಇದೆ. ಆ ವರದಿ ತಂಗಿಯ ಇಮೇಲಿನಲ್ಲೇ ಇತ್ತು. ಅದರಲ್ಲಿ ನಾಲ್ಕನೆಯ ಎಂಸಿಬಿಯ ಎದುರು ‘ಹೀಟರ್, ಚಿಕ್ಕ ಕೋಣೆ’ ಎಂದು ಬರೆದೂ ಇತ್ತು. ಓದಿದವರಿಲ್ಲ.

ಮರುದಿನದ ನಕ್ಷೆ 31 ಯೂನಿಟ್. ಉಳಿದ 15ನ್ನು 15 ಪೆನ್ಸಿನಿಂದ ಗುಣಿಸಿದರೆ ರಾತ್ರಿಗೆ ಎರಡೂಕಾಲು ಪೌಂಡ್. ತಿಂಗಳಿಗೆ 67ರ ಮೇಲೆ.

ಎಲ್ಲ ಮನೆಯ ಕಥೆಯೂ ಇಷ್ಟು ಸಲೀಸಾಗಿ ಮುಗಿಯುವುದಿಲ್ಲ. ಇಂಥ ಫ್ಲ್ಯಾಟುಗಳಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಬಿಸಿನೀರಿನ ಸಿಲಿಂಡರ್. ಕಾಯಿಲ್ ಎರಡಿರುತ್ತವೆ: ಕೆಳಗಿನದು ರಾತ್ರಿಗೆ, ಮೇಲಿನದು ಹಗಲಿನ ತುರ್ತಿಗೆ. ಮೇಲಿನದರ ಸ್ವಿಚ್ಚನ್ನು ಒಮ್ಮೆ ಹಾಕಿ ಮರೆತರೆ ಅಗ್ಗದ ಗಂಟೆಯ ಅರ್ಥವೇ ಹೋಗುತ್ತದೆ. ಥರ್ಮೋಸ್ಟಾಟ್ ಕೆಟ್ಟು ಅಂಟಿಕೊಂಡರೆ ಕಾಯಿಲ್ ಏಳು ಗಂಟೆಯೂ ನಿಲ್ಲದೆ ಉರಿದು 21 ಯೂನಿಟ್ ತಿನ್ನಬಹುದು. ನಲ್ಲಿಯಲ್ಲಿ ಬರುವ ನೀರು ಕೈ ಸುಡುವಂತಿದ್ದರೆ, ಸಿಲಿಂಡರಿನೊಳಗೆ ಕುದಿಯುವ ಸದ್ದು ಬಂದರೆ ನಕ್ಷೆ ನೋಡುತ್ತ ಕೂರಬಾರದು, ಕಾಯಿಲ್ ಆಫ್ ಮಾಡಿ ರಿಪೇರಿಯವರನ್ನು ಕರೆಯಬೇಕು. ಬಚ್ಚಲ ನೆಲದಡಿಯ ತಂತಿ, ಟವೆಲ್ ಒಣಗಿಸುವ ಬಿಸಿ ಕಂಬಿ, ಇವು ಸಣ್ಣ ಕಳ್ಳರು. ಇನ್ನು ಗಡಿಯಾರದ ತೊಡಕು ಬೇರೆ: ಬೇಸಿಗೆಯಲ್ಲಿ ಬ್ರಿಟನ್ ಗಡಿಯಾರವನ್ನು ಒಂದು ಗಂಟೆ ಮುಂದೆ ಹಾಕುತ್ತದೆ, ಅನೇಕ ಮೀಟರುಗಳು ಹಾಕುವುದಿಲ್ಲ. ಅಗ್ಗದ ಗಂಟೆ ಒಂದೂವರೆಗೆ ಶುರುವಾಗುತ್ತದೆ. ಹನ್ನೆರಡೂವರೆಗೆ ಬಟ್ಟೆ ಒಗೆಯುವ ಯಂತ್ರಕ್ಕೆ ಟೈಮರ್ ಇಟ್ಟವರು ಮೊದಲ ಗಂಟೆ ಪೂರ್ತಿ ದರ ಕೊಡುತ್ತಾರೆ.

ರಾತ್ರಿ ಅಗ್ಗ ಎಂಬ ಮಾತಿನ ಬುಡವೇ ಈಗ ಅಲ್ಲಾಡುತ್ತಿದೆ. ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ಸ್ಥಾವರ, ರ‍್ಯಾಟ್‌ಕ್ಲಿಫ್, 2024ರ ಸೆಪ್ಟೆಂಬರ್ 30ರಂದು ಆರಿತು. ಅಲ್ಲೀಗ ಗಾಳಿ ಬೀಸಿದಾಗ ಅಗ್ಗ. ನಮ್ಮಲ್ಲಿ ಬಿಸಿಲು ಬಿದ್ದಾಗ: ಕೇಂದ್ರ ಸರ್ಕಾರ 2023ರಲ್ಲಿ ತಿದ್ದಿದ ವಿದ್ಯುತ್ ಗ್ರಾಹಕರ ನಿಯಮಗಳು ಸೌರವಿದ್ಯುತ್ತಿನ ಗಂಟೆಗಳ ದರ ಮಾಮೂಲಿಗಿಂತ ಕನಿಷ್ಠ ಶೇ 20ರಷ್ಟು ಕಡಿಮೆ ಇರಬೇಕೆನ್ನುತ್ತವೆ. ಹೆಚ್ಚಾದ ಕರೆಂಟಿನಿಂದ ನೀರನ್ನು ಮೇಲಕ್ಕೆತ್ತಿ ಬೇಕಾದಾಗ ಕೆಳಗೆ ಬಿಡುವ 2,000 ಮೆಗಾವ್ಯಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯೂ ತತ್ವದಲ್ಲಿ ತಂಗಿಯ ಮನೆಯ ಇಟ್ಟಿಗೆಯ ಅಣ್ಣನೇ. ಇಟ್ಟಿಗೆಗೆ ಕೋಣೆಯ ಮೂಲೆ ಸಾಕು. ಇದಕ್ಕೆ ಸಿಂಗಳೀಕಗಳ ಕಾಡು ಬೇಕು ಎಂಬುದೇ ಅಲ್ಲಿನ ಜಗಳ.

ನಿಮ್ಮ ಮನೆಯಲ್ಲಿ ಸ್ಟೋರೇಜ್ ಹೀಟರ್ ಇರಲಾರದು. ಗೀಸರ್ ಇರುತ್ತದೆ, ಅದರ ಸ್ವಿಚ್ಚು ರಾತ್ರಿಯಿಡೀ ಹಾಕಿಯೇ ಇರಬಹುದು. ತೊಟ್ಟಿ ತುಂಬಿದರೂ ನಿಲ್ಲದ ಮೋಟಾರಿರಬಹುದು. ಇಂದು ಮಲಗುವಾಗ ಮೀಟರಿನ ಅಂಕಿಯ ಒಂದು ಫೋಟೊ ತೆಗೆಯಿರಿ, ಬೆಳಗ್ಗೆ ಎದ್ದ ಕೂಡಲೇ ಇನ್ನೊಂದು. ಮಲಗಿದ ಮನೆ ಎರಡು ಯೂನಿಟ್ಟಿಗಿಂತ ಹೆಚ್ಚು ತಿಂದಿದ್ದರೆ, ಏಸಿ ಹಾಕಿರಲಿಲ್ಲವೆಂದಾದರೆ, ಬಿಸಿಯಾಗುವ ಸಾಮಾನುಗಳನ್ನೂ ಮೋಟಾರನ್ನೂ ಮೊದಲು ವಿಚಾರಿಸಿಕೊಳ್ಳಿ. ಪಕ್ಕದ ಮನೆಯವರ ಸರದಿ ಆಮೇಲೆ.

ಲೀಡ್ಸ್‌ನ ಸಾಮಾನಿನ ಕೋಣೆ ಈಗ ಮಂಜುಗಡ್ಡೆ. ಮೊದಲ ವಾರ ದೋಸೆ ಹಿಟ್ಟು ಎರಡು ದಿನವಾದರೂ ಅಲುಗಲಿಲ್ಲವಂತೆ. ಅತ್ತೆಯ ಸಲಹೆಯಂತೆ ಪಾತ್ರೆಯನ್ನು ಬಿಸಿನೀರಿನ ಸಿಲಿಂಡರ್ ಇರುವ ಕಪಾಟಿಗೆ ಸಾಗಿಸಿದ್ದಾಳೆ. ಅಲ್ಲಿನವರು ಆ ಕಪಾಟಿನಲ್ಲಿ ಬಟ್ಟೆ ಆರಿಸುತ್ತಾರೆ. ಸಿಲಿಂಡರಿನಿಂದ ಹೇಗೂ ಸೋರುವ ಆ ಕಾವಿಗೆ ಬೇರೆ ಬಿಲ್ಲಿಲ್ಲ.